ಮೂರು ಬಾಯಿ, ಮೂರು ಲೆಕ್ಕ

ಕಾಗದದ ಮೇಲೆ ನಮ್ಮ ಮನೆಗೆ ಎರಡು ಆದಾಯಗಳಿದ್ದವು. ನಾಡಕಚೇರಿಯ ಪ್ರಮಾಣಪತ್ರದ ಪ್ರಕಾರ ವರ್ಷಕ್ಕೆ 1,20,000 ರೂಪಾಯಿ. ಆದಾಯ ತೆರಿಗೆ ರಿಟರ್ನ್ಸ್ ಪ್ರಕಾರ 6,40,000. ಸರ್ಕಾರದ ಎದುರು ಬಡವನಾಗಬೇಕಾದಾಗ ಮೊದಲನೆಯದನ್ನು ತೆಗೆಯುತ್ತಿದ್ದೆ, ಬ್ಯಾಂಕಿನ ಎದುರು ಕುಳವಾಗಬೇಕಾದಾಗ ಎರಡನೆಯದನ್ನು. ನಿಜವಾದ ಆದಾಯ ಯಾವ ಕಾಗದದಲ್ಲೂ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಈ ಎರಡನ್ನೂ ಒಂದೇ ಪಿಡಿಎಫ್‌ಗೆ ಸೇರಿಸಿ, ಮಗಳಿಗೆ ಸೀಟು ಕೊಟ್ಟಿದ್ದ ವಿಶ್ವವಿದ್ಯಾಲಯಕ್ಕೆ ನನ್ನ ಕೈಯಾರೆ ಕಳಿಸಿದೆ.

ಇವು ಹುಟ್ಟಿದ್ದು ಹೇಗೆ ಅಂತ ಹೇಳಬೇಕು. ಮಾಗಡಿ ರಸ್ತೆಯ ಎಡಬಲಕ್ಕೆ ಇಂಥ ಜೋಡಿ ಕಾಗದಗಳು ಬೇಕಾದಷ್ಟು ಮನೆಗಳಲ್ಲಿವೆ. ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್. ಎರಡು ಲೇತ್, ಒಂದು ಮಿಲ್ಲಿಂಗ್, ಸಾಲ ಮಾಡಿ ತಂದ ಒಂದು ಸಿಎನ್‌ಸಿ, ನಾಲ್ಕು ಜನ ಕೆಲಸಗಾರರು. ಎಚ್‌ಎಂಟಿ, ಎನ್‌ಜಿಇಎಫ್ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ತಂದೆ ಜಾಬ್ ವರ್ಕ್ ಮಾಡಿಯೇ ಬಸವೇಶ್ವರನಗರದಲ್ಲಿ ಮನೆ ಕಟ್ಟಿದರು. ಅಣ್ಣತಮ್ಮಂದಿರ ಪಾಲಿನಲ್ಲಿ ಅದರ ಮೊದಲ ಮಹಡಿ ನನಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಶಾಪಿನ ಶೆಟರ್ ಎಳೆದು ಕೂತಿದ್ದಾಗ ಮಗನ ಶಾಲೆಯ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಾಯಿತು. ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬುತ್ತಿದ್ದ ಹುಡುಗ ‘ನಿಮ್ಮ ಆದಾಯ ಎಷ್ಟು’ ಅಂತ ಕೇಳಲಿಲ್ಲ. ‘ಎಷ್ಟು ಹಾಕ್ಲಿ ಸಾರ್?’ ಅಂದ. ‘ಎಷ್ಟು ಹಾಕಿದ್ರೆ ಆಗತ್ತೆ?’ ಅಂತ ನಾನು. ಆ ವರ್ಷದ ಮಟ್ಟಿಗೆ ಅವನು ಹಾಕಿದ ಅಂಕಿ ನಿಜಕ್ಕಿಂತ ಬಹಳ ದೂರವೇನೂ ಇರಲಿಲ್ಲ. ಆದರೆ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು. ಶಾಪ್ ಮತ್ತೆ ಎದ್ದು ನಿಂತಿತು, ಕಾಗದ ಹಾಗೇ ಮಲಗಿತ್ತು. ಅದರ ಬಲದ ಮೇಲೆ ಮಗನಿಗೆ ವರ್ಷವರ್ಷ ಬಂದ ಸಾವಿರ ಚಿಲ್ಲರೆ ಹಣ ನಿಜವಾಗಿ ಇನ್ಯಾರದೋ ಮಗುವಿನದು. ಅದನ್ನು ಯೋಚಿಸುವ ಗೋಜಿಗೇ ನಾನು ಹೋಗಿರಲಿಲ್ಲ.

ಇನ್ನೊಂದು ಕಾಗದ ಆಡಿಟರ್ ಕೊಡುಗೆ. ಸಿಎನ್‌ಸಿ ಮೆಷಿನ್‌ಗೆ ಸಾಲ ಬೇಕು ಅಂದಾಗ ಅವರು, ‘ಇಷ್ಟು ಕಮ್ಮಿ ತೋರಿಸಿದ್ರೆ ಬ್ಯಾಂಕಿನವರು ಮಾತಾಡ್ಸೋದಿಲ್ಲ, ಸ್ವಲ್ಪ ಟ್ಯಾಕ್ಸ್ ಹೋದ್ರೆ ಹೋಗ್ಲಿ, ಜಾಸ್ತಿ ತೋರಿಸೋಣ’ ಅಂದರು. ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆ ಕಾನೂನಿನಲ್ಲಿ 44ಎಡಿ ಅಂತ ಒಂದು ಸುಲಭದ ದಾರಿ ಇದೆ. ಲೆಕ್ಕದ ಪುಸ್ತಕವಿಲ್ಲದೆ, ವಹಿವಾಟಿನ ಶೇ 8ರಷ್ಟನ್ನು, ಬ್ಯಾಂಕ್ ಮೂಲಕ ಬಂದ ಹಣವಾದರೆ ಶೇ 6ರಷ್ಟನ್ನು ಲಾಭ ಅಂತ ತೋರಿಸಿದರೆ ಸಾಕು. ಅದಕ್ಕಿಂತ ಹೆಚ್ಚು ತೋರಿಸುತ್ತೇನೆ ಅಂದವರನ್ನು ಯಾರೂ ತಡೆಯುವುದಿಲ್ಲ. ಸಾಲ ಸಿಕ್ಕಿತು, ಮೆಷಿನ್ ಬಂತು, ಕಂತು ಶುರುವಾಯಿತು.

ಮಗಳಿಗೆ ಜೀವಶಾಸ್ತ್ರದ ಹುಚ್ಚು. ಎಲ್ಲರ ಒತ್ತಾಯಕ್ಕೆ ಸಿಇಟಿಗೂ ಅರ್ಜಿ ಹಾಕಿದಳು. ಆ ಅರ್ಜಿಯಲ್ಲಿ ಎಸ್‌ಎನ್‌ಕ್ಯೂ ಅನ್ನುವ ಶುಲ್ಕ ಮನ್ನಾದ ಕೋಟಾ ಬೇಕೇ ಅಂತ ಒಂದು ಕಾಲಂ ಇತ್ತು. ನಾನು ಪಕ್ಕದಲ್ಲೇ ಕೂತು ‘ಬೇಡ ಅಂತ ಹಾಕು’ ಅಂದೆ. ಅದು ತೀರಾ ಬಡವರಿಗೆ, ನಮ್ಮಂಥವರಿಗಲ್ಲ ಅಂತ ನನ್ನ ತಿಳುವಳಿಕೆ. ಅಷ್ಟರಲ್ಲಿ ಅವಳಿಗೆ ತಾನು ಬಯಸಿದ್ದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಬೋಧನಾ ಶುಲ್ಕವೇ ವರ್ಷಕ್ಕೆ ನಾಲ್ಕು ಲಕ್ಷದ ಹತ್ತಿರ. ಅದರಲ್ಲಿ ಕಾಲುಭಾಗ ಮನ್ನಾ ಮಾಡುತ್ತೇವೆ, ಪರಿಸ್ಥಿತಿ ಬದಲಾಗಿದ್ದರೆ ದಾಖಲೆ ಸಮೇತ ಮರುಪರಿಶೀಲನೆ ಕೋರಬಹುದು ಅಂತ ಪತ್ರ ಬಂತು.

ಕೇಳಬಹುದು ಅಂತ ಅವರೇ ಬರೆದಿದ್ದರೂ ನಮಗೆ ಅದು ಹೊಸ ಮಾತು. ಸಿಇಟಿ ಸೀಟಿಗೆ ಸರ್ಕಾರ ಶುಲ್ಕ ನಿಗದಿ ಮಾಡುತ್ತದೆ, ಅಲ್ಲಿ ಚೌಕಾಸಿ ಇಲ್ಲ. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಚೌಕಾಸಿ ಬಿಟ್ಟರೆ ಬೇರೇನೂ ಇಲ್ಲ. ಮನೆಯ ಆದಾಯ, ಆಸ್ತಿ, ಓದುವ ಮಕ್ಕಳ ಸಂಖ್ಯೆ ನೋಡಿ ಎಷ್ಟು ಕಟ್ಟಬಲ್ಲರು ಅಂತ ಲೆಕ್ಕ ಹಾಕಿ ನೆರವು ಕೊಡುವುದು ಮೂರನೆಯ ರೀತಿ. ಸರ್ಜಾಪುರ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಇಂಥ ನೆರವು ಕೊಡುತ್ತವೆ. ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಈ ರೀತಿಯಲ್ಲಿ ಬೇಕಾದದ್ದು ನಿಖರವಾದ ಮನೆಲೆಕ್ಕ. ನನಗೆ ಗೊತ್ತಿದ್ದದ್ದು ವಶೀಲಿ ಮತ್ತು ಗೋಗರೆತ.

ಹಾಗಾಗಿ ನಾನು ಕಡತ ಕಟ್ಟಿದೆ. ಎರಡು ಪುಟದ ಪತ್ರವನ್ನು ಸಾಫ್ಟ್‌ವೇರಿನಲ್ಲಿರುವ ಅಣ್ಣನ ಮಗ ಇಂಗ್ಲಿಷಿನಲ್ಲಿ ಬರೆದುಕೊಟ್ಟ. ಕಷ್ಟ, ಕಣ್ಣೀರು, ಕನಸು ಎಲ್ಲ ಇತ್ತು, ಒಂದು ಅಂಕಿ ಇರಲಿಲ್ಲ. ನಮಗೆ ಇನ್ನೆಷ್ಟು ಮನ್ನಾ ಆದರೆ ಕಟ್ಟಬಲ್ಲೆವು ಅನ್ನುವುದೂ ಇರಲಿಲ್ಲ. ಅದರ ಹಿಂದೆ ಮಗಳ ರಂಗೋಲಿ ಸ್ಪರ್ಧೆಯಿಂದ ಹಿಡಿದು ವಿಜ್ಞಾನ ಮೇಳದವರೆಗಿನ ಸರ್ಟಿಫಿಕೇಟುಗಳು, ತೀರಿಹೋದ ನಮ್ಮ ತಂದೆಯ ಆಸ್ಪತ್ರೆ ಬಿಲ್ಲುಗಳು, ಮಾಜಿ ಕಾರ್ಪೊರೇಟರ್ ಒಬ್ಬರ ಶಿಫಾರಸು ಪತ್ರ. 2020ರ ಸೆಪ್ಟೆಂಬರ್‌ನಿಂದ ಪಾಲಿಕೆಗೆ ಕಾರ್ಪೊರೇಟರುಗಳೇ ಇರಲಿಲ್ಲ, ಲೆಟರ್‌ಹೆಡ್ ಮಾತ್ರ ಇನ್ನೂ ಖರ್ಚಾಗಿರಲಿಲ್ಲ. ಕೊನೆಗೆ ‘ಇರಲಿ’ ಅಂತ ಆದಾಯ ಪ್ರಮಾಣಪತ್ರ, ಅದರ ಬೆನ್ನಿಗೇ ಐಟಿ ರಿಟರ್ನ್ಸ್.

ಹಾಕಬೇಕಾದದ್ದನ್ನು ಹಾಕಲಿಲ್ಲ. ನಮ್ಮ ಕಷ್ಟ ಸುಳ್ಳಾಗಿರಲಿಲ್ಲ. ಹಿಂದಿನ ದೀಪಾವಳಿಯ ಹೊತ್ತಿಗೆ ನಮಗೆ ಅರ್ಧಕ್ಕರ್ಧ ಕೆಲಸ ಕೊಡುತ್ತಿದ್ದ ಗಿರಾಕಿ ಆರ್ಡರ್ ನಿಲ್ಲಿಸಿದ್ದರು, ಹಳೆಯ ಬಾಕಿಯೂ ಬಂದಿರಲಿಲ್ಲ. ಆ ಕುಸಿತ ತಿಂಗಳು ತಿಂಗಳು ನಾನು ಸಲ್ಲಿಸುವ ಜಿಎಸ್‌ಟಿ 3ಬಿ ರಿಟರ್ನ್ಸ್‌ನಲ್ಲಿ ಕಣ್ಣಿಗೆ ಹೊಡೆಯುವಂತೆ ಇತ್ತು. ನಾಲ್ಕು ಪುಟದ ಸರ್ಕಾರಿ ದಾಖಲೆ. ಕಾಸು ಖರ್ಚಿಲ್ಲದೆ ಡೌನ್‌ಲೋಡ್ ಆಗುತ್ತಿತ್ತು. ಅದು ತೆರಿಗೆಯವರಿಗೆ, ಕಾಲೇಜಿನವರಿಗೇನು ಸಂಬಂಧ ಅಂದುಕೊಂಡೆ.

ಹೆಂಡತಿ ಒಮ್ಮೆ, ‘ಏನು ಬರೆದಿದ್ದೀರಿ, ನನಗೂ ತೋರಿಸಿ’ ಅಂದಳು. ‘ಎಲ್ಲ ಇಂಗ್ಲಿಷಿನಲ್ಲಿದೆ’ ಅಂತ ಬಾಯಿ ಮುಚ್ಚಿಸಿದೆ.

ಒಂದು ಶನಿವಾರ ಬೆಳಿಗ್ಗೆ ವಿಡಿಯೊ ಕರೆ. ತಂದೆ, ತಾಯಿ, ವಿದ್ಯಾರ್ಥಿನಿ ಮೂವರೂ ಇರಬೇಕು ಅಂದಿದ್ದರು. ಆ ಕಡೆ ಇಬ್ಬರು, ಅವರಲ್ಲೊಬ್ಬರು ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಗದರಿಕೆ ಇಲ್ಲ, ಅನುಮಾನದ ದನಿಯಿಲ್ಲ. ‘ಮನೆಗೆ ತಿಂಗಳಿಗೆ ಸುಮಾರು ಎಷ್ಟು ಬರುತ್ತದೆ?’ ಅಂತ ಕೇಳಿದರು. ನಾನು ಪ್ರಮಾಣಪತ್ರವನ್ನು ಹನ್ನೆರಡರಿಂದ ಭಾಗಿಸಿ ‘ಹತ್ತು ಸಾವಿರ’ ಅಂದೆ. ಮಗಳು ತಲೆ ತಗ್ಗಿಸಿ, ‘ನನಗೆ ಸರಿಯಾಗಿ ಗೊತ್ತಿಲ್ಲ ಮೇಡಂ, ಫಾರಂನಲ್ಲಿ ಐವತ್ತು ಸಾವಿರ ಅಂತ ಹಾಕಿದ್ದೆ’ ಅಂದಳು. ಹೆಂಡತಿ ನಮ್ಮಿಬ್ಬರ ಮುಖ ನೋಡಿ, ‘ಮೆಷಿನ್ ಕಂತು, ಹುಡುಗರ ಸಂಬಳ, ಕರೆಂಟು ಕಳೆದು ಇವರು ಇಪ್ಪತ್ನಾಲ್ಕು, ಇಪ್ಪತ್ತೈದು ಕೊಡ್ತಾರೆ. ನನ್ನ ಬ್ಲೌಸ್ ಹೊಲಿಗೆಯಿಂದ ಹತ್ತು. ಮೂವತ್ನಾಲ್ಕು, ಮೂವತ್ತೈದು ಸಾವಿರ’ ಅಂದಳು.

ಅವಳು ಹೇಳಿದ್ದು ಸರಿಯಾದ ಲೆಕ್ಕ. ಹೊಲಿಗೆಯಿಂದ ಅವಳಿಗೆ ಹತ್ತು ಸಾವಿರ ಬರುತ್ತದೆ ಅಂತ ನನಗೆ ಗೊತ್ತಾದದ್ದೂ ಅಪರಿಚಿತರ ಎದುರು, ಆ ಲ್ಯಾಪ್‌ಟಾಪಿನ ಮುಂದೆ. ಅದನ್ನು ನಾನು ಆದಾಯ ಅಂತಲೇ ಎಣಿಸಿರಲಿಲ್ಲ, ‘ಅವಳ ಕೈಖರ್ಚು’ ಅಂತಿದ್ದೆ. ಮನೆಯ ನಿಜವಾದ ಲೆಕ್ಕ ಗೊತ್ತಿದ್ದವಳು ಅವಳೊಬ್ಬಳೇ. ಅರ್ಜಿ ಬರೆಯುವಾಗ ನಾನು ಕೇಳದೆ ಬಿಟ್ಟದ್ದೂ ಅವಳೊಬ್ಬಳನ್ನೇ.

ಅಲ್ಲಿಗೂ ಮುಗಿಯಲಿಲ್ಲ. ‘ಕೆಂಗೇರಿ ಹೋಬಳಿಯಲ್ಲಿ ಒಂದು ನಿವೇಶನ ಇದೆ ಅಂತ ವಿದ್ಯಾರ್ಥಿನಿಯ ಫಾರಂನಲ್ಲಿದೆ, ನಿಮ್ಮ ಆಸ್ತಿ ವಿವರದಲ್ಲಿ ಇಲ್ಲವಲ್ಲ?’ ಅಂದರು. ತವರಿನ ಪಾಲಿನ ಹಣಕ್ಕೆ ತನ್ನ ಒಡವೆ ಗಿರವಿ ಇಟ್ಟ ಹಣ ಸೇರಿಸಿ ಹೆಂಡತಿ ಕೊಂಡ ಇಪ್ಪತ್ತು–ಮೂವತ್ತರ ರೆವೆನ್ಯೂ ಸೈಟು ಅದು. ಬಿ ಖಾತೆ, ನಾಳೆ ಮಾರುತ್ತೇನೆ ಅಂದರೆ ಮಾರಾಟವಾಗುವಂಥದ್ದಲ್ಲ. ಇಷ್ಟನ್ನೇ ಮೊದಲೇ ಬರೆದಿದ್ದರೆ ಅದು ಆಸ್ತಿಯ ಜೊತೆಗೆ ಸಾಲವಾಗಿಯೂ ಲೆಕ್ಕಕ್ಕೆ ಬರುತ್ತಿತ್ತು. ಬಚ್ಚಿಟ್ಟಿದ್ದರಿಂದ ಬರೀ ಬಚ್ಚಿಟ್ಟ ಆಸ್ತಿಯಾಯಿತು. ಒಡವೆ ಗಿರವಿಯಲ್ಲಿರುವ ಸಂಗತಿ ಮಗಳಿಗೆ ಅವತ್ತೇ ತಿಳಿದದ್ದು.

ಕೆಲವು ದಿನಕ್ಕೆ ಉತ್ತರ ಬಂತು. ಮೊದಲು ಹೇಳಿದ ಮನ್ನಾ ಹಾಗೇ ಇರುತ್ತದೆ, ಹೆಚ್ಚಿಸಲಾಗದು, ಎರಡು ಆದಾಯ ದಾಖಲೆಗಳ ನಡುವಿನ ವ್ಯತ್ಯಾಸಕ್ಕೆ ಲಿಖಿತ ವಿವರಣೆ ಕೊಡಿ. ಅವರದು ತಪ್ಪು ಅನ್ನಲಾರೆ. ಡ್ರಾಯಿಂಗ್‌ನಲ್ಲಿ ಒಂದು ಅಳತೆ, ಪರ್ಚೇಸ್ ಆರ್ಡರ್‌ನಲ್ಲಿ ಇನ್ನೊಂದು ಅಳತೆ ಇದ್ದರೆ ನಾನೂ ಜಾಬ್‌ಗೆ ಕೈ ಹಾಕುವುದಿಲ್ಲ. ವಿವರಣೆ ಬರೆಯಲು ಕೂತೆ, ಬರೆಯಲಾಗಲಿಲ್ಲ. ಎರಡರಲ್ಲಿ ಯಾವುದನ್ನು ನಿಜ ಅಂದರೂ ಇನ್ನೊಂದನ್ನು ಕೊಟ್ಟ ಕಚೇರಿಯ ಎದುರು ಸಿಕ್ಕಿಬೀಳುತ್ತಿದ್ದೆ. ಸೀಟು ಬಿಟ್ಟೆವು.

ಮಗಳು ಅಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಕೇಳಿದಳು: ‘ಸುಳ್ಳು ಬರೆದವಳು ನಾನು ಅಂತ ಅವರು ಅಂದುಕೊಂಡಿರ್ತಾರೆ, ಅಲ್ವಾಪ್ಪಾ?’ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಆಮೇಲೆ ನೆರವಿನ ನಿಯಮಗಳನ್ನು ಓದಲು ಕೂತದ್ದು ಮಗಳಲ್ಲ, ನಾನು. ನಮ್ಮ ನಿಜವಾದ ಆದಾಯ, ಅಂದರೆ ವರ್ಷಕ್ಕೆ ನಾಲ್ಕು ಲಕ್ಷದ ಆಸುಪಾಸು, ಏನಕ್ಕೂ ಬಾರದ ಅಂಕಿ ಅಂತ ತಿಳಿದಿದ್ದೆ. ಬಡವರ ಯೋಜನೆಗಳಿಗೆ ಹೆಚ್ಚು, ಬ್ಯಾಂಕಿಗೆ ಕಡಿಮೆ. ನೋಡಿದರೆ ಎಲ್ಲ ತಲೆಕೆಳಗು. ನಾನು ‘ಬೇಡ’ ಅನ್ನಿಸಿದ ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ, ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯವಿರುವ ಕುಟುಂಬಗಳಿಗೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು. ಜಾತಿಯ ಕಟ್ಟಿಲ್ಲ, ರ‍್ಯಾಂಕ್ ಪ್ರಕಾರ ಹಂಚಿಕೆ, ಬೋಧನಾ ಶುಲ್ಕ ಮನ್ನಾ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಎಂಟು ಲಕ್ಷ ಅಂದರೆ ರಾಜಾಜಿನಗರದ ಅಂಗಡಿಯವರು, ವಿಜಯನಗರದ ಖಾಸಗಿ ಶಾಲೆಯ ಮೇಷ್ಟ್ರು, ಕೆಂಗೇರಿ ಉಪನಗರದ ಕ್ಯಾಬ್ ಚಾಲಕರು ಎಷ್ಟೋ ಜನ ಅದರೊಳಗೇ ಬರುತ್ತಾರೆ. ನನ್ನ ಉಬ್ಬಿಸಿದ 6,40,000 ಕೂಡ ಬರುತ್ತಿತ್ತು! ಬಡವನೆಂದು ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಸಾಲದ ಕತೆಯೂ ಹೀಗೇ. ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಿಗಬೇಕು. 7.5 ಲಕ್ಷದವರೆಗೆ ಕೇಂದ್ರದ ಖಾತರಿ ನಿಧಿಯ ಆಸರೆ ಇದೆ. ಪೋಷಕರ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ನಾವು ಸೋತ ವರ್ಷವೇ, 2024ರ ನವೆಂಬರ್ 6ರಂದು, ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ಒಪ್ಪಿತು. ಪಟ್ಟಿಯಲ್ಲಿರುವ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗೆ, ಮನೆಯ ಆದಾಯ 8 ಲಕ್ಷದೊಳಗಿದ್ದು ಸರ್ಕಾರದ ಬೇರೆ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಶುರುವಾಗುವವರೆಗೆ ಶೇ 3ರಷ್ಟು ಬಡ್ಡಿ ರಿಯಾಯಿತಿ. ಪೀಣ್ಯದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವವರು ಇನ್ನೊಂದು ಗಮನಿಸಿ. ವರ್ಷಕ್ಕೊಮ್ಮೆ ಸಂಬಳದ ಚೀಟಿಯಲ್ಲಿ ಕಾರ್ಮಿಕ ಕಲ್ಯಾಣ ನಿಧಿಗೆ ಅಂತ ಚಿಲ್ಲರೆ ಕಡಿತವಾಗಿರುತ್ತದೆ. ಆ ನಿಧಿ ನೋಡಿಕೊಳ್ಳುವ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತದೆ.

ನನ್ನ ಶಾಪಿನ ಟರ್ನರ್ ಒಬ್ಬರು ಅದೇ ಬೇಸಿಗೆಯಲ್ಲಿ ಸಂಬಳದ ಪತ್ರ ಕೇಳಿದ್ದರು, ಮಗನ ಡಿಪ್ಲೊಮಾಗೆ ಒಂದು ಟ್ರಸ್ಟಿಗೆ ಅರ್ಜಿ ಹಾಕಲು. ‘ಕಮ್ಮಿ ಹಾಕಿ ಕೊಡ್ಲಾ?’ ಅಂತ ನಾನು ಉದಾರಿಯಂತೆ ಕೇಳಿದೆ. ‘ಬೇಡ ಸಾರ್, ಪಾಸ್‌ಬುಕ್ಕೂ ಕೇಳಿದ್ದಾರೆ, ಇರೋದೇ ಹಾಕಿ’ ಅಂದರು. 22,000 ಅಂತ ಬರೆದು ಸೀಲ್ ಒತ್ತಿದೆ. ಅವರ ಅರ್ಜಿ ಒಂದೇ ಪುಟ. ಸಂಬಳ ಇಷ್ಟು, ಬಾಡಿಗೆ ಇಷ್ಟು, ತಾಯಿಯ ಡಯಾಲಿಸಿಸ್‌ಗೆ ಓಡಾಟ ಇಷ್ಟು, ಇಷ್ಟು ಕಡಿಮೆ ಬೀಳುತ್ತದೆ. ಕೇಳಿದ ಹಣ ಪೂರ್ತಿ ಸಿಕ್ಕಿತು. ನಾನು ಸಹಿ ಹಾಕಿದ ನಿಜವಾದ ಕಾಗದ ಆ ವರ್ಷ ಅದೊಂದೇ ಇರಬೇಕು.

ನಾನು ಸುಳ್ಳುಗಾರನಲ್ಲ ಅಂತ ಇಷ್ಟಾದ ಮೇಲೂ ಹೇಳಬೇಕೆನ್ನಿಸುತ್ತದೆ, ಓದುವವರು ನಗಬಹುದು. ನನ್ನನ್ನು ಹಾಳು ಮಾಡಿದ್ದು ದುರಾಸೆಗಿಂತ ಹೆಚ್ಚಾಗಿ ಮರ್ಯಾದೆಯ ಭೂತ. ಹೆಂಡತಿಗೆ ಗಿರಾಕಿ ಕೈಬಿಟ್ಟದ್ದು ಗೊತ್ತಾಗಬಾರದು, ಮಕ್ಕಳಿಗೆ ಕಷ್ಟ ತಾಗಬಾರದು, ಅಣ್ಣತಮ್ಮಂದಿರ ಎದುರು ಸಣ್ಣವನಾಗಬಾರದು. ನಮ್ಮ ಹಿಂದಿನವರಿಗೆ ಈ ರೋಗ ಇರಲಿಲ್ಲ. ವಾರಾನ್ನ ಮಾಡಿ ಓದಿದವರು ಹಳೆ ಮೈಸೂರಿನಲ್ಲಿ ಎಷ್ಟು ಜನ! ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ ಅಂತ ಊಟ ಗೊತ್ತುಮಾಡಿಕೊಂಡು ಓದಿ, ಮುಂದೆ ನ್ಯಾಯಾಧೀಶರೂ ಪ್ರೊಫೆಸರುಗಳೂ ಆದರು, ಅದನ್ನು ಹೆಮ್ಮೆಯಿಂದ ಬರೆದುಕೊಂಡರು. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಧರ್ಮಛತ್ರ ಸ್ಥಾಪಿಸಿದರು, ಹಳ್ಳಿಯಿಂದ ಬಂದ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವನ್ನೂ ನಡೆಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಅನ್ನ, ಅಕ್ಷರ ಎರಡನ್ನೂ ಪಡೆಯುತ್ತಿದ್ದಾರೆ. ಅಲ್ಲಿ ಕೇಳುವವನ ಸ್ಥಿತಿ ಕೊಡುವವರ ಕಣ್ಣೆದುರೇ ಇರುತ್ತಿತ್ತು. ನಮಗೆ ನೆರವೂ ಬೇಕು, ನಮ್ಮ ಸ್ಥಿತಿ ಯಾರ ಕಣ್ಣಿಗೂ ಬೀಳಲೂಬಾರದು. ಈ ಎರಡು ಒಟ್ಟಿಗೆ ಆಗುವುದಿಲ್ಲ.

ಕಳೆದ ವರ್ಷ ಹಳೆಯ ಪ್ರಮಾಣಪತ್ರದ ಅವಧಿ ತೀರಿತು. ಹೊಸದಕ್ಕೆ ಅರ್ಜಿ ಹಾಕುವ ಮುಂಚೆ ಹೆಂಡತಿ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತಳು, ಮಕ್ಕಳಿಬ್ಬರೂ ಕೂತರು. ಶಾಪಿನದು, ಹೊಲಿಗೆಯದು, ಕಂತು, ಚೀಟಿ, ಗಿರವಿ ಬಡ್ಡಿ. ಮಗ ಕ್ಯಾಲ್ಕುಲೇಟರ್ ಒತ್ತಿದ. 4,10,000 ಬಂತು. ನಾಡಕಚೇರಿಯಲ್ಲಿ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ನೋಡಿದವರು ಒಂದು ಕ್ಷಣ ತಬ್ಬಿಬ್ಬಾದರು. ‘ಜಾಸ್ತಿ ಮಾಡಿಸೋಕೆ ಬಂದಿದ್ದೀರಾ?’ ಅಂದರು. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಸಕಾಲ ರಸೀದಿ ಕೊಟ್ಟರು. ಅದರ ಮೇಲಿರುವ ಜಿಎಸ್‌ಸಿ ಸಂಖ್ಯೆಯನ್ನು ಜೋಪಾನವಾಗಿಡಿ. ಗಡುವು ಮೀರಿದರೂ, ಅರ್ಜಿ ತಿರಸ್ಕಾರವಾದರೂ ಮೇಲ್ಮನವಿ ಹಾಕುವ ಹಕ್ಕು ಸಕಾಲ ಕಾನೂನಿನಲ್ಲೇ ಇದೆ. ಐಟಿ ರಿಟರ್ನ್ಸ್‌ನಲ್ಲೂ ಈಗ ಇರುವುದನ್ನೇ ತೋರಿಸಿ ಅಂತ ಆಡಿಟರ್‌ಗೆ ಹೇಳಿದ್ದೇನೆ. ಮುಂದಿನ ಮೆಷಿನ್ ಸಾಲ ಕಷ್ಟ ಅಂತ ಅವರ ಎಚ್ಚರಿಕೆ. ಇರಬಹುದು.

ಮರುಪರಿಶೀಲನೆ ಕೇಳುವ ಪೋಷಕರಿಗೆ ನಾನು ಹೇಳಬಲ್ಲದ್ದು ಇಷ್ಟು. ಪತ್ರ ಒಂದು ಪುಟ ದಾಟಬಾರದು. ಮೊದಲ ಅರ್ಜಿ ಹಾಕಿದ ಮೇಲೆ ಏನು ಬದಲಾಯಿತು, ಯಾವ ತಿಂಗಳಿಂದ, ಅದಕ್ಕೆ ಯಾವ ದಾಖಲೆ ಅನ್ನುವುದು ಅದರಲ್ಲಿರಲಿ. ಕೆಲಸ ಹೋಗಿದ್ದರೆ ಬಿಡುಗಡೆ ಪತ್ರ, ವ್ಯಾಪಾರ ಬಿದ್ದಿದ್ದರೆ ಜಿಎಸ್‌ಟಿ ರಿಟರ್ನ್ಸ್, ಕಾಯಿಲೆಯಾಗಿದ್ದರೆ ಈ ವರ್ಷದ ಬಿಲ್ಲು. ನೀವು ವರ್ಷಕ್ಕೆ ಎಷ್ಟು ಕಟ್ಟಬಲ್ಲಿರಿ, ಎಷ್ಟು ಕಡಿಮೆ ಬೀಳುತ್ತದೆ ಅಂತ ಅಂಕಿಯಲ್ಲೇ ಬರೆಯಿರಿ. ಸೈಟು, ಒಡವೆ, ಚೀಟಿ ಇದ್ದರೆ ಅದರ ಮೇಲಿನ ಸಾಲದ ಜೊತೆಗೇ ಹೇಳಿ. ರಾಜಕಾರಣಿಗಳ ಪತ್ರ ಮನೆಯಲ್ಲೇ ಇರಲಿ. ಕಳಿಸುವ ಮುಂಚೆ ಮನೆಯ ಹೆಂಗಸರಿಗೂ, ಓದಬೇಕಾದ ಮಗುವಿಗೂ ಓದಿ ಹೇಳಿ. ಅವರು ತಿದ್ದಿದ್ದನ್ನು ತಿದ್ದಿ.

ಮಗಳು ಸರ್ಕಾರಿ ಪದವಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್‌ಸಿ. ಓದುತ್ತಿದ್ದಾಳೆ. ಸಂಜೆ ಹಂಪಿನಗರದ ಗ್ರಂಥಾಲಯಕ್ಕೆ ಹೋಗುತ್ತಾಳೆ, ಎಂ.ಎಸ್‌ಸಿ.ಗೆ ಎಲ್ಲೆಲ್ಲಿ ಯಾವ ನೆರವು ಇದೆ ಅಂತ ಅವಳೇ ಪಟ್ಟಿ ಮಾಡಿಕೊಂಡಿದ್ದಾಳೆ. ಮಗ ಈ ಸಲ ಸಿಇಟಿ ಬರೆಯುತ್ತಾನೆ. ಅವನ ಅರ್ಜಿಯಲ್ಲಿ ಎಸ್‌ಎನ್‌ಕ್ಯೂ ಕಾಲಂನಲ್ಲಿ ‘ಬೇಕು’ ಅಂತ ಹಾಕಿದ್ದೇವೆ, ಆದಾಯ 4,10,000.